ಹಿಮ್ಮಡಿ ಕಲಿಸಿದ ಪಾಠ



ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಮುಂಜಾನೆ ಹತ್ತುವುದು ನಿವೃತ್ತಿಯ ನಂತರ ನಾನು ರೂಢಿಸಿಕೊಂಡ ಅಭ್ಯಾಸ. ಕಳೆದ ವರ್ಷ ಒಂದು ದಿನ ಬಲಗಾಲಿನ ಹಿಮ್ಮಡಿಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ಹಾಸಿಗೆಯಿಂದ ಎದ್ದೊಡನೆ ಮೊದಲ ಹತ್ತು ಹೆಜ್ಜೆ ಕುಂಟಬೇಕಾಗುತ್ತಿತ್ತು. ನಮ್ಮ ಕಡೆ ಇದಕ್ಕೆ ‘ನರ ಹಿಡದೈತಿ’ ಎನ್ನುತ್ತಾರೆ. ನಿಜದಲ್ಲಿ ಅದು ನರವಲ್ಲ. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಜೋಡಿಸುವ ಸ್ನಾಯುರಜ್ಜು.

ಎಣ್ಣೆ ತಿಕ್ಕಿಸಿದೆ, ಉಪ್ಪಿನ ಕಾವು ಕೊಟ್ಟೆ, ಆರು ವಾರ ಮನೆಯಲ್ಲೇ ಕುಳಿತೆ. ನೋವು ಅಡಗಿತು, ಬೆಟ್ಟ ಹತ್ತಿದ ದಿನವೇ ಮರಳಿತು. ಶಸ್ತ್ರಚಿಕಿತ್ಸೆಯೇ ಗತಿಯೇನೋ ಎಂದು ಅಂಜಿದೆ. ಫಿಸಿಯೋಥೆರಪಿಸ್ಟರು ಪರೀಕ್ಷಿಸಿ, “ಸರ್ರ, ಕಾಲಿಗೆ ವಿಶ್ರಾಂತಿ ಸಾಕ್ರಿ, ಇನ್ನ ಕೆಲಸಾ ಕೊಡ್ರಿ” ಎಂದು ನಕ್ಕರು.

ಕೆಲಸ ಸರಳ. ಮೆಟ್ಟಿಲಿನ ಅಂಚಿನ ಮೇಲೆ ಪಾದದ ಮುಂಭಾಗವನ್ನೂರಿ, ಒಳ್ಳೆಯ ಕಾಲಿನಿಂದ ಮೇಲೇಳುವುದು; ನೋಯುವ ಕಾಲಿನ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೇರವಿಟ್ಟು 15ರಂತೆ ಮೂರು ಸಲ, ಮಂಡಿ ಬಾಗಿಸಿ ಅಷ್ಟೇ. ದಿನಕ್ಕೆರಡು ಬಾರಿ, 12 ವಾರ. ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಅವರ 15 ರೋಗಿಗಳೂ 12 ವಾರಗಳಲ್ಲಿ ಮತ್ತೆ ಓಡತೊಡಗಿದ್ದರು. ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ನಿಧಾನವಾಗಿ ಮಾಗುತ್ತದೆ. ಆದರೆ ಅಳತೆಯರಿತು ಭಾರ ಹೊರಿಸಿದರೆ ಬಲಗೊಳ್ಳುತ್ತದೆ. ಎಲ್ಲರಿಗೂ ಪೂರ್ಣ ಗುಣವಾಗುವುದಿಲ್ಲ. ಎಲುಬಿಗೆ ಅಂಟಿದ ಜಾಗದಲ್ಲೇ ನೋವಿದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು.

‘ಟಪ್’ ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಅಂದೇ ವೈದ್ಯರನ್ನು ಕಾಣಬೇಕು. ಆಗಲೂ ಶಸ್ತ್ರಚಿಕಿತ್ಸೆ ಅನಿವಾರ್ಯವೇನಲ್ಲ. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ವರ್ಷದ ಕೊನೆಗೆ ಎರಡೂ ಬಗೆಯ ರೋಗಿಗಳ ಕಾಲಿನ ಶಕ್ತಿ ಬಹುತೇಕ ಸಮನಾಗಿತ್ತು. ಆದರೆ ಶಸ್ತ್ರಚಿಕಿತ್ಸೆಯಿಲ್ಲದವರಲ್ಲಿ ನೂರಕ್ಕೆ ಆರು ಮಂದಿಗೆ ರಜ್ಜು ಮತ್ತೆ ಹರಿಯಿತು. ಮಾಡಿಸಿಕೊಂಡವರಲ್ಲಿ ಒಬ್ಬರಿಗಿಂತ ಕಡಿಮೆ.

ಮೂರು ತಿಂಗಳ ಬಳಿಕ ಬೆಟ್ಟದ ತುದಿಯಲ್ಲಿ ಕುಳಿತಾಗ ಒಬ್ಬ ಶಿಷ್ಯ ನೆನಪಾದ. ಖೋಖೋ ತಂಡದ ಚುರುಕು ಹುಡುಗ. ಇದೇ ನೋವನ್ನು ಹೇಳಿಕೊಂಡು ಬಂದಿದ್ದ. “ಇನ್ನು ಓಡಬೇಡ, ಓದು” ಎಂದು ನಾನು ಅಧಿಕಾರದಿಂದ ನುಡಿದೆ. ಗುರುವಿನ ಮಾತೆಂದು ಮರುಮಾತಾಡದೆ ಆಟವನ್ನೇ ಬಿಟ್ಟ. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟಿದ್ದೆ.

ಇದು ಅವನ ಕಣ್ಣಿಗೆ ಬಿದ್ದರೆ, ತಪ್ಪು ನನ್ನದೆಂದು ತಿಳಿಯಲಿ. ಒಮ್ಮೆ ಮನೆಗೆ ಬರಲಿ. ಇಬ್ಬರೂ ಕೂಡಿ ಬೆಟ್ಟ ಹತ್ತೋಣ.