ಕಾರಿಗೂ ರೆಕ್ಕೆ, ಹೆಬ್ಬಾತಿಗೂ ರೆಕ್ಕೆ

ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದಾಗ ಜನವರಿಯ ಹೊತ್ತು ಇಳಿಯುತ್ತಿತ್ತು. ಕಾಕಾ ಮೋಟರ್ ಸೈಕಲ್ ತಂದು ಕಾಯುತ್ತ ನಿಂತಿದ್ದರು. ಅಲ್ಲಿಂದ ಮಾಗಡಿಗೆ 11 ಕಿಲೋಮೀಟರ್. ಎರಡೂ ಬದಿಗೆ ಎರೆಹೊಲ, ಕಾಯಿ ಕಟ್ಟಿದ ಕಡಲೆ, ಅಂಚಿಗೆ ಕುಸುಬೆಯ ಕೇಸರಿ ಹೂವು. ನಾನು ಹೊರಟದ್ದು ಮಾಗಡಿ ಕೆರೆಯ ಹಕ್ಕಿ ನೋಡಲು. ಆದರೆ ಚೀಲದಲ್ಲಿ ಒಂದು ಡಿವಿಡಿಯೂ ಇತ್ತು: 1997ರ ಐಮ್ಯಾಕ್ಸ್ ಸಾಕ್ಷ್ಯಚಿತ್ರ ‘ಸೂಪರ್ ಸ್ಪೀಡ್‌ವೇ’. ಲಾರಿಯ ಸ್ಟೇರಿಂಗ್ ಹಿಡಿದೇ ಆಯುಷ್ಯ ಸವೆಸಿದ ಕಾಕಾಗೆ ಅದನ್ನು ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ.

ರಾತ್ರಿ ಚಿಗವ್ವ ಬಡಿಸಿದ ಕಟಕ ರೊಟ್ಟಿ, ಗುರೆಳ್ಳು ಹಿಂಡಿ ಉಂಡು ಪಡಸಾಲೆಯಲ್ಲಿ ಕೂತೆವು. ಟಿವಿಯ ಪುಟ್ಟ ಪರದೆಯ ಮೇಲೆ ಎಂಜಿನ್ ಗರ್ಜಿಸಿತು. ಕೆನಡಾದ ಸ್ಟೀಫನ್ ಲೋ ನಿರ್ದೇಶಿಸಿದ, ನಟ ಪಾಲ್ ನ್ಯೂಮನ್ ನಿರೂಪಿಸಿದ ಈ ಚಿತ್ರದಲ್ಲಿ ಅಪ್ಪ ಮಗ ಇಬ್ಬರೂ ರೇಸ್ ಚಾಲಕರು. ಮಗ ಮೈಕೆಲ್ ಆಂಡ್ರೆಟ್ಟಿ ಪಂದ್ಯಕ್ಕಿಳಿಯುತ್ತಾನೆ. ಅಪ್ಪ ಮಾರಿಯೋ 1969ರ ಇಂಡಿಯಾನಾಪೊಲಿಸ್ 500 ಗೆದ್ದವರು, 1978ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. ಕ್ಯಾಮೆರಾ ಹೊತ್ತ ಕಾರನ್ನು ಓಡಿಸಿದ್ದು ಈ ಮಾರಿಯೋ. ಆಗ ಅವರಿಗೆ ಐವತ್ತು ದಾಟಿತ್ತು.

ಆ ಐಮ್ಯಾಕ್ಸ್ ಕ್ಯಾಮೆರಾ ಸಾಮಾನ್ಯದ್ದಲ್ಲ. 65 ಮಿಲಿಮೀಟರ್ ಅಗಲದ ಫಿಲ್ಮು ಅದರೊಳಗೆ ಅಡ್ಡಡ್ಡ ಓಡುತ್ತದೆ, ಸೆಕೆಂಡಿಗೆ ಸುಮಾರು 1.7 ಮೀಟರ್. ಸಾವಿರ ಅಡಿಯ ಸುರುಳಿ ಮೂರೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಕಾರು ಗಂಟೆಗೆ 300 ಕಿಲೋಮೀಟರ್ ಓಡಿದರೆ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಮೂರೂವರೆ ಮೀಟರ್ ಮುಂದೆ ಹೋಗಿರುತ್ತದೆ. ಸಂಜೆ ನಾವು ಬಂದ 11 ಕಿಲೋಮೀಟರನ್ನು ಸುರುಳಿ ಮುಗಿಯುವ ಮುಂಚೆಯೇ ದಾಟಿಬಿಡುತ್ತದೆ! ಲೆಕ್ಕ ಹೇಳಿದೆ. ಕಾಕಾ ಮಾತಾಡಲಿಲ್ಲ. ತಿರುವು ಬಂದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇದ್ದಂತೆ.

ಕಾರು ನಿಂತು, ಮೆಕ್ಯಾನಿಕ್‌ಗಳು ಸುತ್ತುವರಿದಾಗ ಕಾಕಾ ಮುಂದಕ್ಕೆ ಬಾಗಿದರು. “ತಮ್ಮಾ, ಈ ಗಾಡಿಗೆ ರೆಕ್ಕಿ ಅದಾವಲ್ಲೋ! ಇಷ್ಟ್ ಜೋರ್ ಹೊಕ್ಕೈತಿ, ಮತ್ಯಾಕ ಹಾರೂದಿಲ್ಲ?”

ಇಡೀ ಚಿತ್ರದ ಗುಟ್ಟು ಆ ಪ್ರಶ್ನೆಯಲ್ಲಿತ್ತು. ರೇಸ್ ಕಾರಿನ ರೆಕ್ಕೆ ವಿಮಾನದ ರೆಕ್ಕೆಯನ್ನು ಬೋರಲು ಹಾಕಿದಂತೆ ಇರುತ್ತದೆ. ಅದು ಎದುರು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಈ ಒತ್ತಡವಿಲ್ಲದಿದ್ದರೆ ಟೈರು ಹಿಡಿತ ತಪ್ಪಿ, ತಿರುವಿನಲ್ಲಿ ಕಾರು ಗೋಡೆಗೆ ಬಡಿಯುತ್ತದೆ. ಚಿತ್ರದಲ್ಲಿ ಹೊಸ ಕಾರಿನ ವಿನ್ಯಾಸಕ್ಕೆ ಅಷ್ಟೆಲ್ಲ ಜನ ತಿಂಗಳುಗಟ್ಟಲೆ ದುಡಿಯುವುದು ಎಂಜಿನ್ನಿಗಾಗಿ ಮಾತ್ರವಲ್ಲ, ಕಣ್ಣಿಗೆ ಕಾಣದ ಈ ಗಾಳಿಯನ್ನು ಒಲಿಸಿಕೊಳ್ಳಲು.

ಮುಂಜಾನೆ ಚಳಿಯಲ್ಲಿ ಕಂಬಳಿ ಹೊದ್ದು ಕೆರೆಯ ಏರಿ ಹತ್ತಿದೆವು. ಸುಮಾರು 134 ಎಕರೆಯ ನೀರು, ಮೇಲೆ ತೆಳ್ಳಗೆ ಮಂಜು. 2024ರಲ್ಲಿ ಮಹತ್ವದ ಜೌಗು ತಾಣಗಳ ರಾಮ್‌ಸಾರ್ ಪಟ್ಟಿಗೆ ಸೇರಿ ಜಗತ್ತಿನ ನಕ್ಷೆಯಲ್ಲಿ ಗುರುತು ಪಡೆದ ಕೆರೆ ಇದು. ಹೊಲಗಳಿಗೆ ಮೇಯಲು ಹೋಗಿದ್ದ ಪಟ್ಟೆ ತಲೆ ಹೆಬ್ಬಾತುಗಳು ಹಿಂತಿರುಗುವ ಹೊತ್ತು. ಮೊದಲು ದನಿ ಕೇಳಿತು, ಆಮೇಲೆ ಬಾನಂಚಿನಲ್ಲಿ ಕರಿಗೆರೆ, ಗೆರೆ ಹತ್ತಿರ ಬಂದಂತೆ ಒಂದೊಂದೇ ಹಕ್ಕಿ.

ಎರಡು ಮೂರು ಕಿಲೋ ತೂಗುವ ಈ ಹಕ್ಕಿ ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ಇಳಿದು ಬರುತ್ತದೆ. ಬೆನ್ನಿಗೆ ಯಂತ್ರ ಕಟ್ಟಿ ವಿಜ್ಞಾನಿಗಳು ಹಿಂಬಾಲಿಸಿದಾಗ 7,290 ಮೀಟರ್ ಎತ್ತರದವರೆಗೂ ಹಾರಿದ್ದು ದಾಖಲಾಯಿತು. ಅಲ್ಲಿ ನಮಗೆ ಉಸಿರೇ ಸಾಲದು. ಇದರ ರಕ್ತ ಆ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪರ್ವತ ದಾಟಲು ಅದು ಹೆಚ್ಚಾಗಿ ರಾತ್ರಿ, ನಸುಕಿನ ಹೊತ್ತನ್ನೇ ಆರಿಸಿಕೊಳ್ಳುತ್ತದೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಹೆಚ್ಚು ಆಸರೆ ಕೊಡುತ್ತದೆ. ಅದೇ ದಟ್ಟ ಗಾಳಿ ಕಾರನ್ನು ಇನ್ನಷ್ಟು ಬಲವಾಗಿ ನೆಲಕ್ಕೆ ಅದುಮುತ್ತದೆ! ಒಂದೇ ಗಾಳಿ, ಒಂದೇ ನಿಯಮ. ರಾತ್ರಿ ನೋಡಿದ್ದು, ಈಗ ನೋಡುತ್ತಿರುವುದು ಒಂದೇ ಕಥೆಯ ಎರಡು ಮಗ್ಗುಲು ಎಂದು ತಿಳಿದು ಮೈ ಜುಮ್ಮೆಂದಿತು.

ಒಂದು ಹಕ್ಕಿ ನಮ್ಮೆದುರಿಗೇ ಇಳಿಯಿತು. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ, ತುದಿ ಕಪ್ಪಾದ ಹಳದಿ ಕೊಕ್ಕು. ನೀರು ಮುಟ್ಟುವ ಮುನ್ನ ರೆಕ್ಕೆಗಳನ್ನು ಬಟ್ಟಲಿನಂತೆ ಬಾಗಿಸಿತು, ಬಾಲ ಬಿಚ್ಚಿತು, ಕಿತ್ತಳೆ ಕಾಲುಗಳನ್ನು ಮುಂದೆ ಚಾಚಿತು. ಅಷ್ಟು ವೇಗವೂ ಎರಡು ಮಾರು ದೂರದಲ್ಲಿ ಕರಗಿತು. ನೀರಿನ ಮೇಲೆ ಒಂದು ಗೆರೆ, ಅಷ್ಟೇ. ಕಾಕಾರ ಬಲಗಾಲು ಏರಿಯ ಮಣ್ಣನ್ನು ಒತ್ತಿದ್ದನ್ನು ಕಂಡೆ.

ಲಕ್ಷ್ಮೇಶ್ವರಕ್ಕೆ ಹಿಂತಿರುಗುವಾಗ ಹಿಂದಿನ ಸೀಟಿನಲ್ಲಿ ಕೂತು ಅಂಗೈಯನ್ನು ಗಾಳಿಗೆ ಚಾಚಿದೆ. ಹೆಬ್ಬೆರಳಿನ ಅಂಚು ಕೊಂಚ ಎತ್ತಿದರೆ ಕೈ ತಾನಾಗಿ ಮೇಲೇಳುತ್ತಿತ್ತು. ಬಗ್ಗಿಸಿದರೆ ಯಾರೋ ಹಿಡಿದು ಒತ್ತಿದಂತೆ ಕೆಳಗಿಳಿಯುತ್ತಿತ್ತು. ಎತ್ತಿದರೆ ಹೆಬ್ಬಾತು, ಬಗ್ಗಿಸಿದರೆ ಕಾರು. ಕನ್ನಡಿಯಲ್ಲಿ ಇದನ್ನು ನೋಡಿದ ಕಾಕಾ ವೇಗವನ್ನು ಸ್ವಲ್ಪ ಹೆಚ್ಚಿಸಿದರು. “ಈಗ ಎತ್ತ್ ನೋಡು, ತಮ್ಮಾ,” ಅಂದರು.

ಎತ್ತಿದೆ.