ಕೀಲಿಕೈ ಗೊಂಚಲು

ನನ್ನ ಮದುವೆಯಾದ ಮೂರನೆಯ ವರ್ಷ, ಯುಗಾದಿಯ ಮಾರನೆಯ ದಿನ, ಅತ್ತೆಯವರು ಸೊಂಟದಲ್ಲಿದ್ದ ಕೀಲಿಕೈ ಗೊಂಚಲನ್ನು ತೆಗೆದು ನನ್ನ ಕೈಗಿಟ್ಟರು. "ಇನ್ನು ಮೇಲೆ ಉಗ್ರಾಣ ನೀನೇ ನೋಡಿಕೊಳ್ಳಮ್ಮ" ಎಂದರು. ನನಗೋ ಹೆಮ್ಮೆ. ಬಿ.ಎ., ಬಿ.ಎಡ್. ಮಾಡಿದವಳು, ಐವತ್ತು ಹುಡುಗರ ತರಗತಿಯನ್ನು ಹದ್ದುಬಸ್ತಿನಲ್ಲಿಡುವವಳು, ನನಗೆ ಒಂದು ಉಗ್ರಾಣ ಯಾವ ಲೆಕ್ಕ! ಆ ವರ್ಷ ತೊಗರಿಬೇಳೆಗೆ ಹುಳ ಬಿತ್ತು. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯಲ್ಲಿ ಬೂಷ್ಟು ಕಟ್ಟಿತು. ಗೌರಿ ಹಬ್ಬದ ಮುನ್ನಾದಿನ ಬೆಲ್ಲದ ಡಬ್ಬಿ ತೆರೆದರೆ ತಳದಲ್ಲಿ ಇರುವೆಗಳಷ್ಟೇ ಇದ್ದವು. ಕೀಲಿಕೈ ನನ್ನ ಸೆರಗಿನಲ್ಲಿತ್ತು. ಆದರೆ ಯಾವ ಡಬ್ಬಿಯಲ್ಲಿ ಏನಿದೆ, ಯಾವುದನ್ನು ಯಾವ ತಿಂಗಳು ಬಿಸಿಲಿಗೆ ಹಾಕಬೇಕು, ಎಷ್ಟು ಉಳಿದಾಗ ಅಂಗಡಿಗೆ ಚೀಟಿ ಬರೆಯಬೇಕು, ಇವು ಯಾವುವೂ ಕೀಲಿಕೈ ಜೊತೆಗೆ ಬಂದಿರಲಿಲ್ಲ.

ಎರಡನೆಯ ವರ್ಷ ಅತ್ತೆಯವರು ಒಂದು ಮಣೆ ಹಾಕಿಕೊಂಡು ಉಗ್ರಾಣದ ಬಾಗಿಲಲ್ಲಿ ಕುಳಿತರು. ಕೀಲಿಕೈ ಹಿಂದಕ್ಕೆ ಕೇಳಲಿಲ್ಲ. ಬೈಯಲಿಲ್ಲ. ನಾನು ಮಾಡುವುದನ್ನು ನೋಡುತ್ತ, ತಪ್ಪುವ ಕಡೆ ಮಾತ್ರ "ಹ್ಞೂಂ, ಇನ್ನೊಂದು ಸಲ ನೋಡು" ಎನ್ನುತ್ತಿದ್ದರು. ಮೂರನೆಯ ವರ್ಷಕ್ಕೆ ಆ ಮಣೆ ಬೇಕಾಗಲಿಲ್ಲ.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಉಗ್ರಾಣದಲ್ಲಿ ಕೆಟ್ಟದ್ದು ಒಂದಿಷ್ಟು ಬೇಳೆ. ಆಸ್ಪತ್ರೆಯಲ್ಲಿ ಹಾಗೆಯೇ ಆದಾಗ ಕೆಡುವುದು ಬೇಳೆಯಲ್ಲ.

ನಮ್ಮ ರಾಜ್ಯದಲ್ಲಿ ಅಧಿಕಾರವನ್ನು ಹಳ್ಳಿಗೆ ಇಳಿಸುವ ಮಾತು ಹೊಸದೇನಲ್ಲ. 1983ರ ಕಾಯಿದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಬಂದವು. ಜನ ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬರ ಕನಸು ಅದು. ಶಾಲೆಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಜಿಲ್ಲಾ ಪರಿಷತ್ತಿನ ಕೈಗೆ ಬಂದವು. ಸ್ಥಾನಗಳಲ್ಲಿ ಶೇಕಡ 25 ಹೆಂಗಸರಿಗೆ ಮೀಸಲು. ನಮ್ಮಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಂಡಲ ಪ್ರಧಾನರು ಒಂದು ದಿನ ಸೈಕಲ್ಲಿನಲ್ಲಿ ಬಂದು ಹಾಜರಿ ಪುಸ್ತಕ ಕೇಳಿದರಂತೆ. "ಹದಿಮೂರರ ಮಗ್ಗಿ ಬಾರದೆ ನನ್ನ ಹತ್ತಿರ ಏಟು ತಿಂದವನು, ಈಗ ನನ್ನ ಹಾಜರಿ ನೋಡ್ತಾನೆ!" ಎಂದು ಅಪ್ಪ ರಾತ್ರಿಯೆಲ್ಲ ಗೊಣಗಿದರು. ಆದರೆ ಮಾರನೆಯ ದಿನದಿಂದ ಮನೆ ಬಿಡುವ ಹೊತ್ತು ಅರ್ಧ ಗಂಟೆ ಮುಂಚೆಯಾಯಿತು. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ನಗುತ್ತಿದ್ದಳು.

ಐದು ವರ್ಷ ಮುಗಿದಾಗ, 1992ರಲ್ಲಿ, ಕೂಡಲೇ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಆಮೇಲೆ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲಿನಲ್ಲಿ ಜಾರಿಗೆ ಬಂತು, ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯೂ ಬಂತು. ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿಯಿದೆ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯ, ನೈರ್ಮಲ್ಯ ಎಲ್ಲವೂ ಅದರಲ್ಲಿ ಸೇರಿವೆ. ಹತ್ತನೆಯ ತರಗತಿಗೆ ಪೌರನೀತಿ ಪಾಠ ಮಾಡುವಾಗ ನಾನು ಈ ಪಟ್ಟಿಯನ್ನು ಬೋರ್ಡಿನ ಮೇಲೆ ಎಷ್ಟು ಚಂದವಾಗಿ ಬರೆಯುತ್ತಿದ್ದೆ! ಪಟ್ಟಿ ಬರೆಯುವುದಕ್ಕೇನು, ಸೀಮೆಸುಣ್ಣವೊಂದಿದ್ದರೆ ಸಾಕು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಪಟ್ಟಿಯ ಜೊತೆಗೆ ಹಣವೂ ಬಂತು. ಹಳ್ಳಿಯ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ, ಉಪಕೇಂದ್ರಕ್ಕೆ 10,000, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 25,000 ಮುಕ್ತ ನಿಧಿ. ಆಸ್ಪತ್ರೆಯ ರಿಪೇರಿಗೆಂದು ಬೇರೆ 50,000. ಇವಲ್ಲದೆ ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ. 'ಮುಕ್ತ' ಎಂದರೆ ಇಂಥದ್ದಕ್ಕೇ ಎಂದು ಮೇಲಿನವರು ಕಟ್ಟಿಹಾಕದ ಹಣ. ಊರಿನ ಅಗತ್ಯ ನೋಡಿ ಊರಿನವರೇ ತೀರ್ಮಾನಿಸಬೇಕು. ನಮ್ಮ ಶಾಲೆಯಿದ್ದ ಹೋಬಳಿಯ ಆಸ್ಪತ್ರೆಯ ಸಮಿತಿಗೆ "ಶಾಲೆಯ ಕಡೆಯಿಂದಲೂ ಒಬ್ಬರು ಇರಲಿ, ಹೆಣ್ಣುಮಕ್ಕಳಾದರೆ ಒಳ್ಳೆಯದು" ಎಂದು ನನ್ನನ್ನು ಕರೆದರು. ಹೋದೆ. ಸಭೆಯೆಂದರೆ ಒಂದು ಉದ್ದನೆಯ ಮೇಜು, ಒಂದು ಹಾಜರಿ ಪುಸ್ತಕ, ಒಂದು ತಟ್ಟೆ ಬಿಸ್ಕತ್ತು, ಕಾಲು ಲೋಟ ಚಹ.

ಮೂರನೆಯ ಸಭೆಯಲ್ಲಿ ನರ್ಸಮ್ಮ ಎದ್ದು ನಿಂತು, "ಹೆರಿಗೆ ಕೋಣೆಯ ಇನ್ವರ್ಟರಿನ ಬ್ಯಾಟರಿ ಸತ್ತು ಎರಡು ತಿಂಗಳಾಯಿತು, ಕರೆಂಟು ಹೋದರೆ ಕಣ್ಣೇ ಕಾಣುವುದಿಲ್ಲ" ಎಂದರು. ಬ್ಯಾಟರಿಗೆ ಬೇಕಾಗಿದ್ದುದು ಹತ್ತು ಸಾವಿರದ ಆಸುಪಾಸು. ಬ್ಯಾಂಕಿನಲ್ಲಿ ಅದರ ಹತ್ತರಷ್ಟು ಹಣವಿತ್ತು. ಆದರೂ ವೈದ್ಯರು ತಲೆ ಅಲ್ಲಾಡಿಸಿದರು. ಒಳ್ಳೆಯ ಹುಡುಗ, ಓದು ಮುಗಿಸಿ ಎರಡು ವರ್ಷವಾಗಿತ್ತಷ್ಟೆ. "ಬ್ಯಾಟರಿ ಈ ಹಣದಲ್ಲಿ ಬರುತ್ತೋ ಇಲ್ಲವೋ ಗೊತ್ತಿಲ್ಲ ಮೇಡಂ. ನಾಳೆ ಆಡಿಟ್‌ನವರು ಆಕ್ಷೇಪಣೆ ಹಾಕಿದರೆ ನನ್ನ ಸಂಬಳದಲ್ಲಿ ಹಿಡೀತಾರೆ. ಜಿಲ್ಲೆಗೆ ಪತ್ರ ಬರೆದು ಕೇಳೋಣ" ಎಂದರು. ಅಧ್ಯಕ್ಷರು ಹೌದೆಂದರು. 'ಮುಂದಿನ ಸಭೆಗೆ ಇಡಲಾಯಿತು' ಎಂದು ನಡಾವಳಿಯಲ್ಲಿ ಬರೆದದ್ದಕ್ಕೆ ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ. ನಾಲ್ಕು ಗಂಟೆಯ ಬಸ್ಸು ತಪ್ಪಬಾರದೆಂಬ ಅವಸರ ನನಗೆ.

ಮುಂದಿನ ಸಭೆಗೆ ಮೊದಲೇ ಆ ರಾತ್ರಿ ಬಂತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೊಚ್ಚಲ ಹೆರಿಗೆಗೆ ಅಲ್ಲಿಗೆ ಬಂದಿದ್ದಳು. ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ, ಬರವಣಿಗೆ ಮುತ್ತಿನಂತಿದ್ದ ಹುಡುಗಿ. ಮಳೆಗೆ ಕರೆಂಟು ಹೋಯಿತು. ನರ್ಸಮ್ಮ ಮೊಬೈಲಿನ ಬೆಳಕನ್ನು ಆಯಾಳ ಕೈಗೆ ಕೊಟ್ಟು ಹೆರಿಗೆ ಮಾಡಿಸಿದರು. ತಾಯಿ ಉಳಿದಳು. ಮಗು ಅಳಲಿಲ್ಲ. ಬೆಳಕಿದ್ದಿದ್ದರೆ ಉಳಿಯುತ್ತಿತ್ತೆ? ವೈದ್ಯರು "ಹೇಳಲಾಗುವುದಿಲ್ಲ ಮೇಡಂ" ಎಂದರು. ಅದು ನಿಜವೇ ಇರಬಹುದು. ಆದರೆ ಹೇಳಲಾಗದಂತೆ ಮಾಡಿದ್ದು ಆ ಕತ್ತಲೆ. ಆ ಕತ್ತಲೆಗೆ ನನ್ನ ಸಹಿಯೂ ಇತ್ತು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ರಜೆ ಹಾಕಿ, ಆ ವೈದ್ಯರನ್ನೂ ಎಳೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿ ಲೆಕ್ಕಪತ್ರ ನೋಡುವ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿಗಿಂತ ಸ್ವಲ್ಪ ಹೆಚ್ಚಿರಬಹುದು, ಕಡತದಿಂದ ಒಂದು ಸುತ್ತೋಲೆ ತೆಗೆದಳು. ಸಮಿತಿ ಠರಾವು ಮಾಡಿ, ಕೊಟೇಷನ್ ತರಿಸಿ, ಕೊಂಡು, ರಶೀದಿ ಇಟ್ಟು, ನಗದು ಪುಸ್ತಕದಲ್ಲಿ ಬರೆದರೆ ಮುಗಿಯಿತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಸುತ್ತೋಲೆ ನಮ್ಮ ಆಸ್ಪತ್ರೆಗೂ ಬಂದಿತ್ತು. ಬೀರುವಿನಲ್ಲಿತ್ತು. ಯಾರೂ ಓದಿರಲಿಲ್ಲ. ಬರುವಾಗ ಬಸ್ಸಿನಲ್ಲಿ ವೈದ್ಯರು ಕಿಟಕಿಯ ಕಡೆ ಮುಖ ಮಾಡಿ, "ಐದೂವರೆ ವರ್ಷ ಮೂಳೆ, ನರ ಎಲ್ಲ ಕಲಿಸಿದರು ಮೇಡಂ. ಒಂದು ವೋಚರ್ ಬರೆಯೋದು ಯಾರೂ ಕಲಿಸಲಿಲ್ಲ" ಎಂದರು. ನನಗೆ ಆಗ ನೆನಪಾದದ್ದು ನನ್ನ ಬೇಳೆಯ ಹುಳ.

ಇದು ಅವರೊಬ್ಬರ ಕೊರತೆಯಲ್ಲ. ತಾಲ್ಲೂಕಿನ ಆರೋಗ್ಯಾಧಿಕಾರಿ ಎಂದರೆ ಸಾಮಾನ್ಯವಾಗಿ ರೋಗಿಗಳನ್ನು ನೋಡಿ ನೋಡಿ ಹಿರಿತನದ ಮೇಲೆ ಆ ಕುರ್ಚಿಗೆ ಬಂದ ವೈದ್ಯರು. ಕುರ್ಚಿಗೆ ಬಂದ ದಿನದಿಂದ ಅವರು ಹಣದ ಯೋಜನೆ, ಔಷಧಿಯ ದಾಸ್ತಾನು, ಸಿಬ್ಬಂದಿಯ ಜಗಳ, ವಾಹನದ ಡೀಸೆಲ್ಲು ಎಲ್ಲ ನೋಡಬೇಕು. ಒಳ್ಳೆಯ ಅಡಿಗೆಯವಳನ್ನು ಕರೆದು ಛತ್ರ ನಡೆಸು ಎಂದಂತೆ. ಎರಡೂ ಅನ್ನದ ಕೆಲಸವೇ, ಆದರೆ ಎರಡೂ ಒಂದೇ ಅಲ್ಲ.

ಪಕ್ಕದ ತುಮಕೂರು ಜಿಲ್ಲೆಯಲ್ಲಿ 2009ರಲ್ಲಿ ಇಂಥ ಅಧಿಕಾರಿಗಳಿಗೆಂದೇ ಒಂದು ತರಬೇತಿ ನಡೆಯಿತು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದೂ ಅದರ ಜೊತೆಗಾರರೂ ಸೇರಿ ಮಾಡಿದ್ದು. ಹತ್ತು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳನ್ನೂ ಜಿಲ್ಲಾ ಮಟ್ಟದವರನ್ನೂ ಕೂರಿಸಿ ಯೋಜನೆ ಮಾಡುವುದನ್ನು, ಅಂಕಿಅಂಶ ಓದುವುದನ್ನು ಕಲಿಸಿದರು. ತರಗತಿಯಲ್ಲಿ ಹೇಳಿ ಕಳಿಸಿಬಿಡದೆ ಅವರ ಕೆಲಸದ ಜಾಗಕ್ಕೇ ಬಂದು ಮಾರ್ಗದರ್ಶನ ಮಾಡಿದರು. ಆಮೇಲೆ ಫಲ ಏನಾಯಿತೆಂದು ಪರೀಕ್ಷಿಸಿದಾಗ ಎಲ್ಲ ತಾಲ್ಲೂಕುಗಳಲ್ಲೂ ಒಂದೇ ರೀತಿ ಆಗಿರಲಿಲ್ಲ. ಕಲಿತವರಿಗೆ ಕಲಿತದ್ದನ್ನು ಮಾಡುವ ಮನಸ್ಸೂ ಇರಬೇಕು, ಮಾಡಲು ಮೇಲಿನವರು ಜಾಗವೂ ಬಿಡಬೇಕು, ಆಗ ಮಾತ್ರ ಬದಲಾವಣೆ ಎಂಬುದು ಕಂಡುಬಂತು. ನಮ್ಮಲ್ಲಿ ಗಾದೆಯೇ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು. ಪೂಜಾರಿಯೇ ಕೊಡದಿದ್ದರೆ ಭಕ್ತರಿಗೆ ಎಷ್ಟು ಮಂತ್ರ ಕಲಿಸಿ ಏನು ಫಲ?

ನಾನು ಕಂಡ ತರಬೇತಿಗಳ ವಿಷಯವನ್ನೂ ಹೇಳಬೇಕು. ನಮಗೂ ಒಂದು ಆಯಿತು. ಒಂದು ಬ್ಯಾಗು, ಒಂದು ಪೆನ್ನು, ಮಧ್ಯಾಹ್ನಕ್ಕೆ ಹೋಳಿಗೆ ಊಟ. ಗೋಡೆಯ ಮೇಲೆ ಇಂಗ್ಲಿಷಿನ ಅಕ್ಷರಗಳು ಓಡಿದವು. ನನ್ನ ಪಕ್ಕದಲ್ಲಿ ಕುಳಿತಿದ್ದ ಪಂಚಾಯಿತಿ ಸದಸ್ಯೆ, "ಅಕ್ಕಾ, ಇದರಾಗೆ ನಮ್ಮೂರಿನ ಚರಂಡಿ ಎಲ್ಲೈತೆ?" ಎಂದು ಕಿವಿಯಲ್ಲಿ ಕೇಳಿದಳು. ನಿಜವಾಗಿ ಕಲಿಸಿದವಳು ಆ ತಾಲ್ಲೂಕು ಕಚೇರಿಯ ಲೆಕ್ಕದ ಹುಡುಗಿ. ತಿಂಗಳಿಗೊಮ್ಮೆ ಬಂದು ನಮ್ಮ ಪುಸ್ತಕವನ್ನು ನಮ್ಮ ಕೈಯಲ್ಲೇ ಬರೆಸಿ, ತಪ್ಪಿದಾಗ "ಇನ್ನೊಂದು ಸಲ ಕೂಡಿಸಿ ಮೇಡಂ" ಎನ್ನುತ್ತಿದ್ದಳು. ಮಣೆ ಹಾಕಿ ಕುಳಿತ ಅತ್ತೆಯ ಹಾಗೆ. ಬ್ಯಾಟರಿ ಬಂತು. ಆಮೇಲೆ ಕುಡಿಯುವ ನೀರಿನ ಟ್ಯಾಂಕು, ಬಾಣಂತಿಯರ ಕಡೆಯವರಿಗೆ ಕೂರಲು ಎರಡು ಬೆಂಚು, ಹೆಂಗಸರ ಪಾಯಿಖಾನೆಗೆ ಒಂದು ಚಿಲಕ. ಚಿಲಕವೆಂದು ನಗಬೇಡಿ. ಆ ಚಿಲಕವಿಲ್ಲದೆ ಎಷ್ಟು ಜನ ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಂಡು ಕೂರುತ್ತಿದ್ದರೆಂದು ರಾಜಧಾನಿಯ ಯಾವ ಕಡತಕ್ಕೆ ಗೊತ್ತಿತ್ತು?

ಅಧಿಕಾರ ಕೆಳಗಿಳಿಯಬೇಕು ಎನ್ನುವುದು ಇದಕ್ಕೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ಮಲೆನಾಡಿನವರು ಚಳಿಗಾಲ ಮುಗಿಯುವ ಮೊದಲೇ ಎಚ್ಚರಗೊಳ್ಳಬೇಕು. ಪಾವಗಡದ ಕಡೆಯವರಿಗೆ ಬಾವಿಯ ನೀರಿನ ಫ್ಲೋರೈಡಿನದೇ ಚಿಂತೆ. ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿದರೆ ಯಾರಿಗೆ ಸರಿಹೋದೀತು? ಕೇರಳದಲ್ಲಿ 1996ರಿಂದ ಯೋಜನೆಯ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರು, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗೇ ಒಪ್ಪಿಸಿದರು. ಹಣದ ಜೊತೆಗೆ ದೊಡ್ಡ ಪ್ರಮಾಣದಲ್ಲಿ ತರಬೇತಿಯನ್ನೂ ನಡೆಸಿದರು. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆಲ್ಲ ಸೇರಿ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇಷ್ಟು ದೊಡ್ಡ ಅಂಕಿ ಕೇಳಿದಾಗ ನನಗೆ ಮೊದಲು ಬರುವ ಯೋಚನೆ ಒಂದೇ. ಇದರ ಕೊನೆಯ ಹತ್ತು ಸಾವಿರವನ್ನು ಯಾವ ಊರಿನಲ್ಲಿ ಯಾರು, ಯಾರಿಗೆ ಹೆದರಿಕೊಂಡು, ಬ್ಯಾಂಕಿನಲ್ಲೇ ಬಿಟ್ಟಿರುತ್ತಾರೋ!

ಆದ್ದರಿಂದಲೇ ಭಾನುವಾರದ ಮಧ್ಯಾಹ್ನ ನನ್ನ ಮನೆಯ ಜಗಲಿ ಈಗ ಒಂದು ಶಾಲೆ. ಹಳ್ಳಿಯ ಸಮಿತಿಯ ಖಾತೆಗೆ ಅಧ್ಯಕ್ಷರಾದ ಪಂಚಾಯಿತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಜಂಟಿಯಾಗಿ ಸಹಿ ಮಾಡಬೇಕು. ಮೊದಲು ಬಂದಾಗ ಆ ಇಬ್ಬರಲ್ಲಿ ಒಬ್ಬಳು ಚೆಕ್ಕನ್ನು ಹಾವು ಮುಟ್ಟಿದಂತೆ ಮುಟ್ಟುತ್ತಿದ್ದಳು. ಇನ್ನೊಬ್ಬಳ ಪರವಾಗಿ ಗಂಡ ಮಾತಾಡುತ್ತಿದ್ದ. ಆತನಿಗೆ ಒಳಗೆ ಕಾಫಿ ಕೊಟ್ಟು ಕೂರಿಸಿ, ಹೊರಗೆ ನಾವು ಮೂವರು ಪುಸ್ತಕ ಬಿಡಿಸಿದೆವು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಚೀಟಿ ಹಣ, ಸ್ವಸಹಾಯ ಸಂಘದ ಸಾಲದ ಲೆಕ್ಕ ಬಾಯಲ್ಲೇ ಹೇಳುವ ಹೆಣ್ಣುಮಕ್ಕಳಿಗೆ ಇದು ಎಷ್ಟರದು? ಅವರಿಗೆ ಬಾರದೇ ಇದ್ದದ್ದು ಲೆಕ್ಕವಲ್ಲ, ಧೈರ್ಯ. ಮೂರನೆಯ ಭಾನುವಾರ ಆ ಗಂಡ ಬರಲಿಲ್ಲ. "ಅವರಿಗೆ ಹೊಲದಾಗೆ ಕೆಲಸ ಐತೆ ಅಂದೆ" ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಇದರಿಂದ ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಹಣ ತಡವಾಗಿ ಬರುವುದುಂಟು. ಕಲಿತ ವೈದ್ಯರಿಗೆ ವರ್ಗವಾಗಿ, ಮತ್ತೊಬ್ಬರಿಗೆ ಮೊದಲಿನಿಂದ ಹೇಳಬೇಕಾಗುವುದುಂಟು. ಲೆಕ್ಕದ ಹುಡುಗಿ ಗುತ್ತಿಗೆಯವಳು, ಬೇರೆ ಕಡೆ ಕೆಲಸ ಸಿಕ್ಕಿ ಹೊರಟುಹೋದಳು. ಮಣೆಯ ಮೇಲೆ ಕೂರುವವರನ್ನೇ ನಿಲ್ಲಿಸಿಕೊಳ್ಳದೆ ಕೀಲಿಕೈ ಮಾತ್ರ ಕೊಡುತ್ತ ಹೋದರೆ ಹುಳ ಬೀಳುವುದು ತಪ್ಪುವುದಿಲ್ಲ.

ಹೋದ ಕಾರ್ತಿಕದಲ್ಲಿ ಬಸ್ ನಿಲ್ದಾಣದಲ್ಲಿ ಯಾರೋ "ಮಿಸ್" ಎಂದು ಕೂಗಿದರು. ತಿರುಗಿದರೆ ಎರಡನೆಯ ಬೆಂಚಿನ ಆ ಹುಡುಗಿ. ಈಗ ತಲೆಯಲ್ಲಿ ಒಂದೆರಡು ಬೆಳ್ಳಿಗೂದಲು. ಜೊತೆಗೆ ಹೈಸ್ಕೂಲಿನ ಸಮವಸ್ತ್ರದ ಮಗಳು. ಆ ರಾತ್ರಿಯಾದ ಎರಡು ವರ್ಷಕ್ಕೆ, ಹೆದರಿ ಪಟ್ಟಣಕ್ಕೆ ಹೋಗಿ ಹೆತ್ತ ಮಗು. ಅದೂ ಇದೂ ಮಾತಾಡಿದೆವು. ಬಸ್ಸು ಬಂದಾಗ ಹತ್ತಲು ಹೊರಟವಳು ನಿಂತು ಕೇಳಿದಳು:

"ಮಿಸ್, ನನ್ನ ತಂಗಿಗೆ ಈಗ ಎಂಟು ತಿಂಗಳು. ನಮ್ಮೂರ ಆಸ್ಪತ್ರೆಗೇ ಕರಕೊಂಡು ಹೋಗೋಣ ಅಂತಿದೀವಿ. ಅಲ್ಲಿ ಈಗ ಲೈಟು ಇರುತ್ತಾ?"

"ಇರುತ್ತೆ" ಎಂದೆ. ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ನರ್ಸಮ್ಮನಿಗೆ ಫೋನು ಮಾಡಿ, ಬ್ಯಾಟರಿಯನ್ನು ಇನ್ನೊಂದು ಸಲ ನೋಡಿರೆಂದು ಹೇಳಿದೆ.