ಕಾಯದೆ ಕರಗಿದ್ದು

ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಅಂತಿಮ ಬಿ.ಎ. ವಿದ್ಯಾರ್ಥಿ. ಲೇಸರಿನ ವಿಷಯ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಬಲ್ಲವರು ಎಣಿಸಿದರೆ ತಪ್ಪಿಲ್ಲ. ಆದರೆ ಇದನ್ನು ಬರೆಯಿಸುತ್ತಿರುವುದು ನಮ್ಮ ತಂದೆಯವರ ಒಂದು ಪ್ರಶ್ನೆ.

ನಮ್ಮದು ಅಕ್ಕಸಾಲಿಗರ ಮನೆ. ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ರಜೆಗೆ ಹೋದಾಗಲೆಲ್ಲ ತಂದೆಯವರು ಊದುಗೊಳವೆಯನ್ನು ಕೆಳಗಿಟ್ಟು, "ಏನು ಕಲಿತೆಯೋ, ನಮಗೂ ಒಂದಿಷ್ಟು ಹೇಳಪ್ಪ" ಎನ್ನುವರು. ನಾನು ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಅವರಿಗೆ ತಿಳಿಯದೆಂಬ ಬಿಂಕ ಮೇಲೆ. ನನಗೇ ಸರಿಯಾಗಿ ತಿಳಿದಿಲ್ಲವೆಂಬ ಅಳುಕು ಒಳಗೆ.

ಕಳೆದ ದಸರೆಯ ರಜೆಯಲ್ಲಿ, ಗ್ರಂಥಾಲಯದಲ್ಲಿ ಓದಿದ್ದ ಸಂಗತಿಯೊಂದನ್ನು ಹೇಳಿದೆ: "ಅಪ್ಪಾ, ಕಾಯಿಸದೆಯೇ ಕರಗಿಸುವ ವಿದ್ಯೆಯೊಂದಿದೆಯಂತೆ."

ಅವರು ನಕ್ಕರು. "ಕಾಯದೆ ಏನು ಕರಗೀತೋ? ಮೂಸೆಯೂ ಕಾಯಬೇಕು, ಅದರ ಮುಂದೆ ಕೂತವನೂ ಕಾಯಬೇಕು."

ನಾನು ವಿವರಿಸಿದೆ. ಮೊಬೈಲು, ಕಂಪ್ಯೂಟರುಗಳಲ್ಲಿರುವ ಸಿಲಿಕಾನ್ ಎಂಬ ಅರೆವಾಹಕವನ್ನು ಕಾಯಿಸಿದರೆ 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಶಾಖಕ್ಕೆ ಪರಮಾಣುಗಳು ನಡುಗಿ ನಡುಗಿ ಸಾಲು ಬಿಡುತ್ತವೆ. 1983ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾರ್ಲ್ಸ್ ಶ್ಯಾಂಕ್ ಮತ್ತು ಸಂಗಡಿಗರು ಅದರ ಮೇಲೆ 90 ಫೆಮ್ಟೊಸೆಕೆಂಡ್ ಮಾತ್ರ ಬಾಳುವ ಲೇಸರ್ ಮಿಡಿತವನ್ನು ಬಿಟ್ಟು ನೋಡಿದರು. ಅಷ್ಟು ಹೊತ್ತಿನಲ್ಲಿ ಬೆಳಕು ಸಹ ಒಂದು ತಲೆಗೂದಲಿನ ದಪ್ಪವನ್ನು ದಾಟಲಾರದು. ಸುಮಾರು ಒಂದು ಪಿಕೊಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು, ಕಳೆಯುವುದರೊಳಗೆ ಅದರ ಮೇಲ್ಮೈ ದ್ರವ ಸಿಲಿಕಾನಿನಂತೆ ಹೊಳೆಯಿತು. ಬೆಳಕು ಮೊದಲು ತಟ್ಟುವುದು ಪರಮಾಣುಗಳನ್ನು ಬೆಸೆದಿರುವ ಎಲೆಕ್ಟ್ರಾನುಗಳನ್ನು. ಅವುಗಳಲ್ಲಿ ನೂರಕ್ಕೆ ಸುಮಾರು ಹತ್ತು ಬಿಡಿಸಿಕೊಂಡರೆ ಸಾಕು, ಶಾಖವು ಪರಮಾಣುಗಳಿಗೆ ಹರಡುವ ಮುನ್ನವೇ ಸಾಲು ಚದುರುತ್ತದೆ.

"ಹಾಗೆನ್ನು! ಬೆಸುಗೆ ಬಿಟ್ಟುಕೊಂಡಿತು" ಎಂದರು ತಂದೆಯವರು. ನಾನು ಎರಡು ದಿನ ಹೆಣಗಿ ತಿಳಿದದ್ದನ್ನು ಅವರು ಒಂದೇ ಮಾತಿನಲ್ಲಿ ಹಿಡಿದಿದ್ದರು. ಕೂಡಲೇ, "ನಮ್ಮ ಚಿನ್ನವೂ ಹಾಗೆ ಕರಗೀತೆ?" ಎಂದು ಕೇಳಿದರು.

ಎಂದಿನಂತೆ ಜಾರಿಕೊಳ್ಳಬಹುದಾಗಿತ್ತು. ಅಂದು ಮಾತ್ರ, "ಗೊತ್ತಿಲ್ಲಪ್ಪ, ತಿಳಿದುಕೊಂಡು ಹೇಳುತ್ತೇನೆ" ಎಂದೆ.

ಮರಳಿ ಬಂದು ಓದಿದೆ. ಚಿನ್ನದಲ್ಲಿ ಹೊರಗಿನ ಎಲೆಕ್ಟ್ರಾನುಗಳು ಮೊದಲೇ ಸ್ವತಂತ್ರವಾಗಿ ಅಲೆಯುತ್ತಿರುತ್ತವೆ; ಬಿಡಿಸಲು ಸಿಲಿಕಾನಿನಲ್ಲಿರುವಂಥ ಬೆಸುಗೆಯಿಲ್ಲ. ಅವು ಪಡೆದ ಶಕ್ತಿಯನ್ನು ಪರಮಾಣುಗಳಿಗೆ ಹಂಚುವವರೆಗೆ, ಕೆಲವು ಪಿಕೊಸೆಕೆಂಡುಗಳಾದರೂ, ಚಿನ್ನ ಕಾಯಲೇಬೇಕು.

ಫೋನಿನಲ್ಲಿ ಇದನ್ನು ತಿಳಿಸಿದೆ. "ನಾನು ಹೇಳಲಿಲ್ಲವೆ?" ಎಂದು ತಂದೆಯವರು ನಕ್ಕರು. ಮೂರು ವರ್ಷಗಳಲ್ಲಿ ಪರೀಕ್ಷೆಗೆ ಬರೆದ ಯಾವ ಉತ್ತರವೂ ನನಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.